ನಾಲ್ಕು ನಾಮಿನಿ ಇದ್ದರೂ ಅಪ್ಪನ ಖಾತೆ ಯಾಕೆ ತೆರೆಯುವುದಿಲ್ಲ? ಡಿಮೆನ್ಷಿಯಾ ಮತ್ತು ಕಾನೂನಿನ ಖಾಲಿ ಜಾಗ

ಬ್ಯಾಂಕ್ ಖಾತೆಗೆ ನಾಲ್ವರನ್ನು ನಾಮಿನಿ ಮಾಡಬಹುದು ಎಂಬ ಸುದ್ದಿ ನೀವೂ ಓದಿರುತ್ತೀರಿ. 2025ರ ಬ್ಯಾಂಕಿಂಗ್ ಕಾನೂನುಗಳ ತಿದ್ದುಪಡಿ ಕಾಯ್ದೆಯ ಈ ಭಾಗ ಅದೇ ವರ್ಷ ನವೆಂಬರ್ 1ರಿಂದ ಜಾರಿಗೆ ಬಂತು. ಠೇವಣಿಗಾದರೆ ಯಾರಿಗೆ ಶೇಕಡಾ ಎಷ್ಟು ಎಂದು ಪಾಲು ಬರೆಯಬಹುದು. ಇಲ್ಲವೇ ಒಬ್ಬರಾದ ಮೇಲೆ ಇನ್ನೊಬ್ಬರು ಎಂದು ಸರದಿ ಹಾಕಬಹುದು. ಲಾಕರ್‌ಗೆ ಸರದಿ ಮಾತ್ರ.

ವಯಸ್ಸಾದ ಅಪ್ಪ ಅಮ್ಮ ಇರುವ ಮನೆಗಳಲ್ಲಿ ಈ ಸುದ್ದಿ ಒಂದು ತಪ್ಪು ಧೈರ್ಯವನ್ನೂ ಕೊಡುತ್ತದೆ. 'ಅಪ್ಪನಿಗೆ ಮರೆವು ಜಾಸ್ತಿ ಆಗ್ತಿದೆ. ಸದ್ಯ ನಾನೇ ನಾಮಿನಿ. ನಾಳೆ ಏನಾದ್ರೂ ಆದ್ರೆ ನೋಡ್ಕೋಬಹುದು' ಎಂಬ ಧೈರ್ಯ ಅದು.

ನೋಡಿಕೊಳ್ಳಲು ಆಗುವುದಿಲ್ಲ. ನಾಮಿನಿಯ ಕೆಲಸ ಶುರುವಾಗುವುದು ಖಾತೆದಾರರು ತೀರಿಕೊಂಡ ಮೇಲೆ. ಅವರು ಬದುಕಿದ್ದು, ತಮ್ಮ ಖಾತೆ ಯಾವುದು, ಎದುರಿಗಿರುವ ಮಗ ಯಾರು ಎಂಬುದೇ ಮರೆತುಹೋದರೆ ನಾಮಿನಿಗೆ ಒಂದು ರೂಪಾಯಿ ತೆಗೆಯುವ ಹಕ್ಕೂ ಇಲ್ಲ. ನಾಮಿನಿ ಒಬ್ಬರಿದ್ದರೂ ಅಷ್ಟೇ, ನಾಲ್ವರಿದ್ದರೂ ಅಷ್ಟೇ.

ನಮ್ಮ ಕಾನೂನಿಗೆ ಎರಡು ಸ್ಥಿತಿ ಚೆನ್ನಾಗಿ ಗೊತ್ತು. ಒಂದು, ಮನುಷ್ಯ ಬದುಕಿದ್ದು ತಿಳಿವಳಿಕೆಯಿಂದ ಸಹಿ ಹಾಕುವ ಸ್ಥಿತಿ. ಇನ್ನೊಂದು, ಮನುಷ್ಯ ತೀರಿಕೊಂಡ ಸ್ಥಿತಿ. ನೆನಪು, ತಿಳಿವಳಿಕೆ ಎರಡೂ ಕುಗ್ಗುತ್ತಾ ಹೋಗುವ ಡಿಮೆನ್ಷಿಯಾ ಇವೆರಡರ ಮಧ್ಯೆ ಬರುತ್ತದೆ, ಬಂದರೆ ವರ್ಷಗಟ್ಟಲೆ ಇರುತ್ತದೆ. ಆ ವರ್ಷಗಳಿಗೆ ಬೇಕಾದ ಸರಳ ಏರ್ಪಾಡನ್ನು ನಾವಿನ್ನೂ ಮಾಡಿಕೊಂಡಿಲ್ಲ.

ಇದು ಅಲ್ಲೊಂದು ಇಲ್ಲೊಂದು ಮನೆಯ ಮಾತಲ್ಲ. ವಯಸ್ಸಾದವರಲ್ಲಿ ಡಿಮೆನ್ಷಿಯಾ ಎಷ್ಟಿದೆ ಎಂದು ನೋಡಿದ ದೇಶವ್ಯಾಪಿ ಲಾಸಿ-ಡ್ಯಾಡ್ ಅಧ್ಯಯನದ ಅಂದಾಜಿನಂತೆ 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು ಮಂದಿಗೆ ಡಿಮೆನ್ಷಿಯಾ ಇದೆ. ಅಂದರೆ ಸುಮಾರು 88 ಲಕ್ಷ ಜನ. 'ಅರವತ್ತಕ್ಕೆ ಅರಳು ಮರಳು' ಎಂದು ನಾವು ಹಗುರವಾಗಿ ಆಡುವ ಮಾತಿನ ಹಿಂದೆ ಇಷ್ಟು ಮನೆಗಳಿವೆ.

ಒಂದು ಮನೆಯ ಲೆಕ್ಕ

ಉದಾಹರಣೆಗೆ ದಾವಣಗೆರೆಯ ಒಂದು ಮನೆ ಇಟ್ಟುಕೊಳ್ಳೋಣ. ಯಜಮಾನರು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ವಯಸ್ಸು 74. ಮನೆ ಅವರ ಹೆಸರಿನಲ್ಲಿದೆ. ಊರಲ್ಲಿ ಎರಡು ಎಕರೆ ಜಮೀನು, ಪಹಣಿಯಲ್ಲೂ ಅವರದೇ ಹೆಸರು. ಪಿಂಚಣಿ ಬರುವ ಖಾತೆ ಅವರೊಬ್ಬರದೇ. ಎಫ್‌ಡಿಯಲ್ಲಿ ಹೆಂಡತಿಯ ಹೆಸರು ಎರಡನೆಯದಾಗಿ ಇದೆ. ಮಗ ಬೆಂಗಳೂರು, ಮಗಳು ಹುಬ್ಬಳ್ಳಿ. ಹಾಲು, ಔಷಧಿ, ಕರೆಂಟು ಬಿಲ್ಲು ಎಲ್ಲದರ ಲೆಕ್ಕ ಇಟ್ಟವರು ಹೆಂಡತಿ. ಆದರೆ ಯಾವ ಕಾಗದದಲ್ಲೂ ಅವರ ಮಾತು ನಡೆಯುವುದಿಲ್ಲ.

ಇಂಥ ಮನೆಯಲ್ಲಿ ಅನೇಕ ಸಲ ಮೊದಲು ಕೈಕೊಡುವುದು ಸಹಿ. ಹಣ ತೆಗೆಯುವ ಚೀಟಿಯ ಮೇಲೆ ಮೊದಲ ಅಕ್ಷರ ಸರಿಯಾಗೇ ಬರುತ್ತದೆ. ಎರಡನೆಯದಕ್ಕೆ ಪೆನ್ನು ನಿಲ್ಲುತ್ತದೆ. ಕೌಂಟರಿನವರು 'ಸಹಿ ತಾಳೆ ಆಗ್ತಿಲ್ಲ, ಇನ್ನೊಂದ್ಸಲ ಹಾಕಿ' ಎನ್ನುತ್ತಾರೆ. ಮೂರನೇ ಚೀಟಿಯೂ ಹಾಳಾದ ಮೇಲೆ ಹೆಬ್ಬೆಟ್ಟಿನ ಮಾತು ಬರುತ್ತದೆ.

ಹೆಬ್ಬೆಟ್ಟಿಗೆ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಕಾಯಿಲೆ ಬಿದ್ದ, ಕೈ ನಡುಗುವ ವೃದ್ಧರು ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿ ಹಣ ತೆಗೆಯಬಹುದು. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಆದರೆ ಆ ನಿಯಮ ಕೈ ಸೋತವರಿಗೆ ಮಾಡಿದ್ದು. ಬ್ಯಾಂಕಿನವರು 'ಎಷ್ಟು ಬೇಕು ಮೇಷ್ಟ್ರೇ?' ಎಂದು ಕೇಳಿದಾಗ ಅವರು 'ನಾವೆಲ್ಲಿಗೆ ಬಂದಿದ್ದೀವಿ?' ಎಂದು ಹೆಂಡತಿಯ ಕಡೆ ತಿರುಗಿದರೆ ಅಲ್ಲಿಗೆ ಪರಿಸ್ಥಿತಿಯೇ ಬದಲಾಗುತ್ತದೆ. ಖಾತೆದಾರರಿಗೆ ತಿಳಿವಳಿಕೆ ಇಲ್ಲ ಎಂದು ಬ್ಯಾಂಕಿಗೆ ಗೊತ್ತಾಯಿತು. ಇನ್ನು ಹಣ ಕೊಟ್ಟು, ನಾಳೆ ಮಗಳೋ ತಮ್ಮನೋ ಬಂದು ಪ್ರಶ್ನಿಸಿದರೆ ಉತ್ತರ ಹೇಳಬೇಕಾದವರು ಆ ಮ್ಯಾನೇಜರ್. ಅವರು ಕೋರ್ಟಿನ ಆದೇಶ ತನ್ನಿ ಎನ್ನುವುದು ಹಟದಿಂದಲ್ಲ. ಅವರ ಮುಂದೆ ಬೇರೆ ದಾರಿ ಇಲ್ಲ.

ಎಫ್‌ಡಿ ಇದೆಯಲ್ಲ ಎನ್ನಬಹುದು. ಅದರಲ್ಲಿ ಹೆಂಡತಿಯ ಹೆಸರೂ ಇದೆ. ಆದರೆ 'ಫಾರ್ಮರ್ ಆರ್ ಸರ್ವೈವರ್' ಎಂದು ಬರೆಸಿದ್ದರೆ ಮೊದಲ ಹೆಸರಿನವರು ಬದುಕಿರುವ ತನಕ ಅವರೊಬ್ಬರೇ ಅದನ್ನು ಮುಟ್ಟಬಹುದು. 'ಈದರ್ ಆರ್ ಸರ್ವೈವರ್' ಆಗಿದ್ದರೆ ಅವಧಿ ಮುಗಿದಾಗ ಇಬ್ಬರಲ್ಲಿ ಯಾರ ಸಹಿಯಾದರೂ ಸಾಕು. ಆದರೆ ಅವಧಿಗೆ ಮೊದಲೇ ಮುರಿಸಬೇಕೆಂದರೆ ಬ್ಯಾಂಕ್ ಇಬ್ಬರ ಸಹಿಯನ್ನೂ ಕೇಳಬಹುದು. ಆಸ್ಪತ್ರೆಯ ಖರ್ಚು ಬರುವುದು ಎಫ್‌ಡಿಯ ಅವಧಿ ನೋಡಿಕೊಂಡಲ್ಲ, ಅಲ್ವಾ?

ಹೀಗೆ ದುಡ್ಡಿದ್ದೂ ಮನೆಯವರು ಸಾಲ ಮಾಡುತ್ತಾರೆ. ಡಿಮೆನ್ಷಿಯಾ ಇರುವ ಮನೆಗಳ ಕಷ್ಟದಲ್ಲಿ ಹೊರಗಿನವರಿಗೆ ಅರ್ಥವೇ ಆಗದ ಭಾಗ ಇದು.

ಜಿಪಿಎ ಯಾಕೆ ಕೈಕೊಡುತ್ತದೆ

'ಜಿಪಿಎ ಮಾಡಿಸಿದ್ದೀವಿ, ಇನ್ನೇನು ಭಯ' ಎನ್ನುವವರಿಗೆ ಇದಕ್ಕಿಂತ ದೊಡ್ಡ ಆಘಾತ ಕಾದಿರುತ್ತದೆ. ಜಿಪಿಎ, ಅಂದರೆ ಜನರಲ್ ಪವರ್ ಆಫ್ ಅಟಾರ್ನಿ, ನನ್ನ ಪರವಾಗಿ ನೀನು ಮಾಡು ಎಂದು ಕೊಡುವ ಅಧಿಕಾರ. ಅದರ ಬೇರು 1872ರ ಭಾರತೀಯ ಕರಾರು ಕಾಯ್ದೆಯಲ್ಲಿದೆ. ಅಧಿಕಾರ ಕೊಟ್ಟವರು ತೀರಿಕೊಂಡರೆ ಅಥವಾ ಅವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರ ಕೊನೆಯಾಗುತ್ತದೆ ಎನ್ನುತ್ತದೆ ಅದರ 201ನೇ ಸೆಕ್ಷನ್.

ಇದರ ಹಿಂದಿನ ತರ್ಕ ಸುಲಭ. ನಾನು ಒಬ್ಬರನ್ನು ನನ್ನ ಪ್ರತಿನಿಧಿ ಮಾಡಿದರೆ ಅವರ ಮೇಲೆ ಕಣ್ಣಿಡುವವನು ನಾನೇ. ತಪ್ಪು ಮಾಡಿದರೆ ಅಧಿಕಾರ ಹಿಂದಕ್ಕೆ ಪಡೆಯುವವನೂ ನಾನೇ. ನನಗೇ ತಿಳಿವಳಿಕೆ ಹೋದರೆ ಕಣ್ಣಿಡುವವರು ಯಾರು? ಹಾಗಾಗಿ ಅಧಿಕಾರವೇ ಬೇಡ ಎಂದು ಕಾನೂನು ಹೇಳಿತು. ಆ ಕಾಲಕ್ಕೆ ಇದು ಸರಿಯಿದ್ದಿರಬಹುದು. ಇವತ್ತು ಇದರ ಪರಿಣಾಮ ಮಾತ್ರ ವಿಚಿತ್ರ. ಯಾವ ದಿನಕ್ಕೆಂದು ಜಿಪಿಎ ಮಾಡಿಸಿದರೋ ಆ ದಿನ ಬಂದಾಗಲೇ ಅದು ಬರೀ ಕಾಗದ ಆಗುತ್ತದೆ.

ಗೊತ್ತಿಲ್ಲದೆ ಅದೇ ಜಿಪಿಎ ಇಟ್ಟುಕೊಂಡು ವ್ಯವಹಾರ ಮುಂದುವರಿಸುವವರಿದ್ದಾರೆ. ಪರಿಣಾಮ ಕಾಣುವುದು ಎಷ್ಟೋ ವರ್ಷಗಳ ನಂತರ. ಆ ಜಿಪಿಎ ಮೇಲೆ ಮಾರಿದ ಸೈಟಿನ ಕ್ರಯಪತ್ರವನ್ನು ಯಾರೋ ಒಬ್ಬ ವಾರಸುದಾರರು ಪ್ರಶ್ನಿಸುತ್ತಾರೆ. ಮಾರಿದ ದಿನ ಅಪ್ಪನಿಗೆ ತಿಳಿವಳಿಕೆ ಇರಲಿಲ್ಲ ಎಂಬುದಕ್ಕೆ ಆಸ್ಪತ್ರೆಯ ಚೀಟಿಗಳೇ ಸಾಕ್ಷಿಯಾಗುತ್ತವೆ. ಕೊಂಡವರೂ ಕೋರ್ಟಿಗೆ, ಮಾರಿದವರೂ ಕೋರ್ಟಿಗೆ.

ಷೇರು, ಮ್ಯೂಚುವಲ್ ಫಂಡ್ ಇರುವವರು ಇನ್ನೊಂದು ಸಂಗತಿ ಗಮನಿಸಬೇಕು. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2025ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆ ಹತ್ತು ಜನರ ತನಕ ನಾಮಿನಿ ಮಾಡಲು ಅವಕಾಶ ಕೊಟ್ಟಿತು. ಹೂಡಿಕೆದಾರರು ಅಶಕ್ತರಾದರೆ ನಾಮಿನಿಗಳಲ್ಲಿ ಒಬ್ಬರು ಖಾತೆ ನಡೆಸಬಹುದು ಎಂಬ ಹೊಸ ಅಂಶವೂ ಅದರಲ್ಲಿತ್ತು. ಓದಿದಾಗ ಸಮಾಧಾನ ಆಗುತ್ತದೆ. ಆದರೆ ಷರತ್ತು ನೋಡಿ. ಹೂಡಿಕೆದಾರರಿಗೆ ಕರಾರು ಮಾಡುವಷ್ಟು ತಿಳಿವಳಿಕೆ ಇನ್ನೂ ಇರಬೇಕು. ಮೈ ಸೋತವರಿಗೆ ದಾರಿ ಸಿಕ್ಕಿತು. ನೆನಪು ಸೋತವರು ಮತ್ತೆ ಹೊರಗೇ ಉಳಿದರು.

ನಾಲ್ಕು ಕಾಯ್ದೆ, ಒಂದರಲ್ಲೂ ಜಾಗ ಇಲ್ಲ

ಬುದ್ಧಿ ಸ್ವಾಧೀನದಲ್ಲಿ ಇಲ್ಲದವರಿಗೆ ಪಾಲಕರನ್ನು ನೇಮಿಸುವ ಕಾನೂನೇ ಇಲ್ಲವೇ? ಇದ್ದವು, ಇವೆ. ಆದರೆ ಡಿಮೆನ್ಷಿಯಾ ಇರುವ ಅಪ್ಪನಿಗೆ ಒಂದೂ ಸರಿಯಾಗಿ ಒಗ್ಗುವುದಿಲ್ಲ.

1890ರ ಪಾಲಕರು ಮತ್ತು ಪೋಷಿತರ ಕಾಯ್ದೆ ಇರುವುದು ಮಕ್ಕಳಿಗಾಗಿ, ಅಂದರೆ 18 ತುಂಬದವರಿಗಾಗಿ. 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯಲ್ಲಿ ಜಿಲ್ಲಾ ಮಟ್ಟದ ಸಮಿತಿಯೇ ಪಾಲಕರನ್ನು ನೇಮಿಸುವ ಒಳ್ಳೆಯ, ಸುಲಭದ ಏರ್ಪಾಡಿದೆ. ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ಮಾತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 'ಸೀಮಿತ ಪಾಲಕತ್ವ' ಎಂಬ ಕಲ್ಪನೆ ತಂದಿತು. ಒಂದು ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ಅವಧಿಗೆ, ಆ ವ್ಯಕ್ತಿಯ ಜೊತೆ ಮಾತಾಡಿಕೊಂಡು ಇಬ್ಬರೂ ಸೇರಿ ತೀರ್ಮಾನ ಮಾಡುವುದು ಅದರ ಆಶಯ. ಆಶಯ ದೊಡ್ಡದು. ಆದರೆ ಮಾತೇ ನಿಂತುಹೋದವರ ಜೊತೆ ಕೂತು ತೀರ್ಮಾನ ಮಾಡುವುದು ಹೇಗೆ?

ಎಲ್ಲಕ್ಕಿಂತ ಹೆಚ್ಚು ಗೊಂದಲ ಮಾನಸಿಕ ಆರೋಗ್ಯ ಕಾಯ್ದೆಯಿಂದ. 1987ರ ಹಳೆ ಕಾಯ್ದೆಯಲ್ಲಿ ಒಂದು ಇಡೀ ಅಧ್ಯಾಯವೇ ಆಸ್ತಿಯ ಬಗ್ಗೆ ಇತ್ತು. ಜಿಲ್ಲಾ ನ್ಯಾಯಾಲಯ ವಿಚಾರಣೆ ಮಾಡಿ, ರೋಗಿಯ ಆಸ್ತಿ ನೋಡಿಕೊಳ್ಳಲು ಮ್ಯಾನೇಜರ್ ಒಬ್ಬರನ್ನು ನೇಮಿಸಬಹುದಿತ್ತು. 2017ರ ಹೊಸ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂದಾಗ ಹಳೆಯದು ರದ್ದಾಯಿತು. ಹೊಸ ಕಾಯ್ದೆ ರೋಗಿಯ ಘನತೆ, ಚಿಕಿತ್ಸೆಯ ಹಕ್ಕುಗಳಲ್ಲಿ ತುಂಬಾ ಮುಂದೆ ಹೋಯಿತು. ನನ್ನ ಚಿಕಿತ್ಸೆ ಹೀಗಿರಲಿ ಎಂದು ಮೊದಲೇ ಬರೆದಿಡಬಹುದು. ನನ್ನ ಪರವಾಗಿ ಮಾತಾಡಲು ಪ್ರತಿನಿಧಿಯನ್ನು ಹೆಸರಿಸಬಹುದು. ಅದರ ವ್ಯಾಖ್ಯೆಯಲ್ಲಿ ನೆನಪಿನ ಶಕ್ತಿಯ ತೀವ್ರ ತೊಂದರೆಯೂ ಸೇರುವುದರಿಂದ ಡಿಮೆನ್ಷಿಯಾ ಇರುವವರಿಗೂ ಇದು ಉಪಯೋಗವೇ. ಆದರೆ ಆ ಪ್ರತಿನಿಧಿಯ ಮಾತು ಆಸ್ಪತ್ರೆಯೊಳಗೆ ಮಾತ್ರ ನಡೆಯುತ್ತದೆ. ಬ್ಯಾಂಕಿನಲ್ಲಾಗಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಾಗಲಿ ನಡೆಯುವುದಿಲ್ಲ. ಆಸ್ತಿಯ ಅಧ್ಯಾಯವನ್ನು ತೆಗೆದರು, ಅದರ ಜಾಗಕ್ಕೆ ಬೇರೆ ಏನನ್ನೂ ಇಡಲಿಲ್ಲ.

ನಮ್ಮ ಕಂದಾಯ ಇಲಾಖೆಯನ್ನೇ ನೋಡಿ. ತೀರಿಕೊಂಡವರ ಹೆಸರಲ್ಲೇ ಉಳಿದ ಜಮೀನುಗಳನ್ನು ವಾರಸುದಾರರಿಗೆ ಮಾಡಿಕೊಡಲು ಇ-ಪೌತಿ ಆಂದೋಲನ ಶುರುವಾಯಿತು. ಒಳ್ಳೆಯ ಕೆಲಸ. ಆದರೆ ಪೌತಿ ಎಂದರೇನೇ ತೀರಿಕೊಂಡವರದ್ದು. ಬದುಕಿದ್ದು ತಿಳಿವಳಿಕೆ ಕಳೆದುಕೊಂಡ ರೈತನ ಪಹಣಿಗೆ ಬೆಳೆಸಾಲ ಬೇಕೆಂದರೆ ಯಾರು ಸಹಿ ಹಾಕಬೇಕು ಎಂಬುದಕ್ಕೆ ಅಲ್ಲಿ ಉತ್ತರ ಸಿಗುವುದಿಲ್ಲ.

ಕೊನೆಗೆ ಉಳಿಯುವುದು ಹೈಕೋರ್ಟ್

ಕಾನೂನಿನಲ್ಲಿ ದಾರಿ ಇಲ್ಲದಾಗ ಕುಟುಂಬಗಳು ಸಂವಿಧಾನದ 226ನೇ ವಿಧಿ ಹಿಡಿದು ಹೈಕೋರ್ಟಿಗೆ ರಿಟ್ ಅರ್ಜಿ ಹಾಕುತ್ತಿವೆ. ತಮ್ಮನ್ನು ತಾವು ನೋಡಿಕೊಳ್ಳಲಾಗದವರಿಗೆ ರಾಜ್ಯವೇ ತಂದೆ ತಾಯಿ ಎಂಬ ಹಳೆಯ ತತ್ವದ ಮೇಲೆ ಕೋರ್ಟ್ ಪಾಲಕರನ್ನು ನೇಮಿಸುತ್ತದೆ.

ಕೇರಳ ಹೈಕೋರ್ಟ್ 2019ರಲ್ಲಿ ಕೋಮಾದಲ್ಲಿರುವವರ ವಿಷಯದಲ್ಲಿ ಕೊಟ್ಟ ಮಾರ್ಗಸೂಚಿ ಈ ದಾರಿಗೆ ಒಂದು ರೂಪ ಕೊಟ್ಟಿತು. ರೋಗಿಯ ಎಲ್ಲಾ ಆಸ್ತಿಯ ಪಟ್ಟಿ ಕೊಡಬೇಕು. ವೈದ್ಯರ ಮಂಡಳಿ ಪರೀಕ್ಷೆ ಮಾಡಬೇಕು. ತಹಶೀಲ್ದಾರ್ ದರ್ಜೆಗೆ ಕಡಿಮೆ ಇಲ್ಲದ ಕಂದಾಯ ಅಧಿಕಾರಿ ಹೋಗಿ ನೋಡಿ ವರದಿ ಕೊಡಬೇಕು. ವಾರಸುದಾರರೆಲ್ಲರಿಗೂ ವಿಷಯ ಗೊತ್ತಿರಬೇಕು. ಪಾಲಕರಾದವರು ಆರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಬೇರೆ ಹೈಕೋರ್ಟುಗಳೂ ಇಂಥದೇ ಎಚ್ಚರಿಕೆಗಳೊಡನೆ ಆದೇಶ ಕೊಟ್ಟಿವೆ.

ಹಾಗೆಂದು ಇದು ಖಾತ್ರಿಯ ದಾರಿಯೂ ಅಲ್ಲ. 2024ರಲ್ಲಿ ಮದ್ರಾಸ್ ಹೈಕೋರ್ಟಿನಲ್ಲಿ ಒಂದು ಅರ್ಜಿ ಬಂತು. ಗಂಡ ಕೋಮಾದಲ್ಲಿದ್ದಾರೆ, ಚಿಕಿತ್ಸೆಗೆ ಅವರ ಆಸ್ತಿ ಮಾರಬೇಕು, ನನ್ನನ್ನು ಪಾಲಕಿ ಮಾಡಿ ಎಂದು ಹೆಂಡತಿ ಕೇಳಿದ್ದರು. ಇದಕ್ಕೆ ಕಾನೂನೇ ಇಲ್ಲ, ಸಿವಿಲ್ ಕೋರ್ಟಿಗೆ ಹೋಗಿ ಎಂದರು ಏಕಸದಸ್ಯ ಪೀಠದ ನ್ಯಾಯಮೂರ್ತಿ. ಮೇಲ್ಮನವಿಯಲ್ಲಿ ವಿಭಾಗೀಯ ಪೀಠ ಅದನ್ನು ಬದಲಿಸಿ ಅವರನ್ನು ಪಾಲಕಿ ಮಾಡಿತು. ಒಂದೇ ಕೋರ್ಟು, ಒಂದೇ ಕುಟುಂಬ, ಎರಡು ಉತ್ತರ. ಸ್ಪಷ್ಟ ಕಾಯ್ದೆ ಇಲ್ಲದಿದ್ದರೆ ಆಗುವುದೇ ಇದು.

ಖರ್ಚು ಮತ್ತು ದೂರ ಬೇರೆ. ಕರ್ನಾಟಕದವರಿಗೆ ಹೈಕೋರ್ಟ್ ಎಂದರೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ. ಅಪ್ಪನನ್ನು ಒಂದು ಗಂಟೆ ಮನೆಯಲ್ಲಿ ಬಿಟ್ಟು ಹೋಗಲಾಗದ ಅಮ್ಮನಿಗೆ ಇದು ಎಷ್ಟು ದೂರ ಎಂದು ಯೋಚಿಸಿ. ತಿಂಗಳಿಗೆ ಇಪ್ಪತ್ತು ಸಾವಿರ ಪಿಂಚಣಿ ತೆಗೆಯುವ ಅನುಮತಿಗಾಗಿ ಹೈಕೋರ್ಟ್ ಮೆಟ್ಟಿಲು ಹತ್ತಬೇಕು ಎನ್ನುವ ವ್ಯವಸ್ಥೆ ಬಡವರಿಗಂತೂ ಬಾಗಿಲು ಮುಚ್ಚಿದ ಹಾಗೇ.

ಹೊಸ ಕಾನೂನು ಬೇಕೇ? ಎದುರಾಗುವ ವಾದಗಳು

ಇಂಗ್ಲೆಂಡಿನಲ್ಲಿ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆ 'ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ' ಎಂಬ ಏರ್ಪಾಡು ಮಾಡಿತು. ಬುದ್ಧಿ ಸ್ವಾಧೀನ ಹೋದ ಮೇಲೂ ನಡೆಯುವ ಜಿಪಿಎ ಅದು. ತಿಳಿವಳಿಕೆ ಇರುವಾಗಲೇ ಬರೆದು, ಸರ್ಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ಸಿಂಗಪುರದಲ್ಲೂ ಇಂಥದೇ ಇದೆ. ಅಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ಗೊತ್ತಿರುವುದರಿಂದ ಊರಲ್ಲಿರುವ ತಂದೆಗೂ ಹಾಗೇ ಮಾಡಿಸಬಹುದು ಎಂದುಕೊಂಡಿರುತ್ತಾರೆ. ಇಲ್ಲಿಗೆ ಬಂದು ಕೇಳಿದಾಗ ವಕೀಲರು ತಲೆ ಅಲ್ಲಾಡಿಸುತ್ತಾರೆ.

ಭಾರತಕ್ಕೂ ಇಂಥ ಕಾನೂನು ಬೇಕು ಎನ್ನುವವರ ವಾದ ನೇರವಾಗಿದೆ. ನನ್ನನ್ನು ಯಾರು ನೋಡಿಕೊಳ್ಳಬೇಕು ಎಂದು ನಾನೇ, ನನಗೆ ತಿಳಿವಳಿಕೆ ಇರುವಾಗಲೇ ಆರಿಸುತ್ತೇನೆ. ನಾಳೆ ಯಾವುದೋ ಕೋರ್ಟು ಆರಿಸುವುದಕ್ಕಿಂತ ಇದು ಹೆಚ್ಚು ಘನತೆಯದ್ದು.

ಎದುರು ವಾದವನ್ನೂ ತಳ್ಳಿಹಾಕುವಂತಿಲ್ಲ. ಆಸ್ತಿ ಬರೆಸಿಕೊಂಡು ಹೆತ್ತವರನ್ನು ಬಿಟ್ಟುಹೋಗುವ ಮಕ್ಕಳು ನಮ್ಮಲ್ಲಿ ಕಡಿಮೆಯೇನಿಲ್ಲ. 2025ರ ಮಾರ್ಚ್‌ನಲ್ಲಿ ಬೆಳಗಾವಿಯ ಸರ್ಕಾರಿ ಆಸ್ಪತ್ರೆಯಲ್ಲಿ ವೃದ್ಧರನ್ನು ದಾಖಲಿಸಿ ಮಕ್ಕಳು ನಾಪತ್ತೆಯಾಗುತ್ತಿರುವ ವಿಷಯ ಸುದ್ದಿಯಾಯಿತು. ಅಂಥವರ ಹೆಸರಿಗಾದ ಆಸ್ತಿ ವರ್ಗಾವಣೆ ರದ್ದು ಮಾಡಿಸಿ ಎಂದು ವೈದ್ಯಕೀಯ ಶಿಕ್ಷಣ ಸಚಿವರೇ ಸೂಚಿಸಬೇಕಾಯಿತು. ತಿಳಿವಳಿಕೆ ಹೋದ ಮೇಲೂ ನಡೆಯುವ ಜಿಪಿಎ ಇಂಥವರ ಕೈಗೆ ಸಿಕ್ಕರೆ?

ಅಂಗವಿಕಲರ ಹಕ್ಕುಗಳಿಗಾಗಿ ದುಡಿಯುವವರ ಆಕ್ಷೇಪ ಬೇರೆ ಥರದ್ದು. ಭಾರತ 2007ರಲ್ಲಿ ಒಪ್ಪಿದ ವಿಶ್ವಸಂಸ್ಥೆಯ ಒಡಂಬಡಿಕೆಯಂತೆ ಯಾರ ಕಾನೂನು ಸಾಮರ್ಥ್ಯವನ್ನೂ ಕಿತ್ತುಕೊಳ್ಳಬಾರದು. ಅವರ ಬದಲು ತೀರ್ಮಾನ ಮಾಡುವುದಲ್ಲ, ತೀರ್ಮಾನ ಮಾಡಲು ಅವರಿಗೆ ಆಸರೆ ಕೊಡಿ ಎನ್ನುತ್ತಾರೆ ಅವರು. ಶುರುವಿನ ಹಂತದ ಡಿಮೆನ್ಷಿಯಾಕ್ಕೆ ಈ ಮಾತು ಪೂರ್ತಿ ಸರಿ. ಕೊನೆಯ ಹಂತಕ್ಕೆ ಇದೊಂದೇ ಸಾಲದು.

ದುರ್ಬಳಕೆಯ ಭಯದಿಂದ ಕಾನೂನೇ ಬೇಡ ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಯಾಕೆಂದರೆ ಕಾನೂನು ಇಲ್ಲದಿದ್ದಾಗಲೂ ದುರ್ಬಳಕೆ ನಡೆದೇ ಇದೆ. ಅಪ್ಪನ ಎಟಿಎಂ ಕಾರ್ಡು, ಪಿನ್, ಓಟಿಪಿ ಬರುವ ಫೋನು ಎಲ್ಲ ಒಬ್ಬ ಮಗನ ಕೈಲಿರುತ್ತದೆ. ಒಳ್ಳೆಯವನಾದರೆ ಪುಣ್ಯ. ಆದರೂ ಲೆಕ್ಕ ಕೇಳುವವರಿಲ್ಲ, ಅಕ್ಕ ತಂಗಿಯರ ಅನುಮಾನ ತಪ್ಪುವುದಿಲ್ಲ, ಮೋಸ ಆದರೆ ಬ್ಯಾಂಕೂ ಹೊಣೆ ಹೊರುವುದಿಲ್ಲ. ಕತ್ತಲಲ್ಲಿ ನಡೆಯುವುದನ್ನೇ ಬೆಳಕಿಗೆ ತನ್ನಿ. ನೋಂದಣಿ ಇರಲಿ, ವರ್ಷಕ್ಕೊಮ್ಮೆ ಲೆಕ್ಕ ಇರಲಿ, ಮನೆ ಜಮೀನು ಮಾರಲು ಮಾತ್ರ ಜಿಲ್ಲಾ ನ್ಯಾಯಾಲಯದ ಅನುಮತಿ ಇರಲಿ. ಔಷಧಿಗೆ, ದಾದಿಯ ಸಂಬಳಕ್ಕೆ ಪಿಂಚಣಿ ತೆಗೆಯಲು ಕೋರ್ಟು ಬೇಡ.

ಕಾಯಿಲೆ ಪತ್ತೆಯಾದ ದಿನವೇ ಸಹಿ ಹೋಗುವುದಿಲ್ಲ

ಕುಟುಂಬಗಳು ಹೆಚ್ಚು ತಪ್ಪುವುದು ಇಲ್ಲಿ. ಡಾಕ್ಟರು 'ಅಲ್ಜೈಮರ್ಸ್ ಶುರುವಾಗಿದೆ' (ಇದೂ ಡಿಮೆನ್ಷಿಯಾದ ಒಂದು ಬಗೆ) ಎಂದ ಕೂಡಲೇ ಇನ್ನು ಅಪ್ಪನ ಸಹಿಗೆ ಬೆಲೆ ಇಲ್ಲ ಎಂದು ಕೆಲವರು ಕೈಚೆಲ್ಲುತ್ತಾರೆ. ಇನ್ನು ಕೆಲವರು ಅದೇ ಭಯಕ್ಕೆ ಡಾಕ್ಟರ ಹತ್ತಿರವೇ ಹೋಗುವುದಿಲ್ಲ.

ಕಾನೂನು ಹಾಗೆ ಹೇಳುವುದಿಲ್ಲ. ಮಾನಸಿಕ ಕಾಯಿಲೆ ಇದೆ ಎಂದು ತೀರ್ಮಾನವಾದ ಮಾತ್ರಕ್ಕೆ ಆ ವ್ಯಕ್ತಿಯ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ತಿಳಿಯಬಾರದು, ಹಾಗೆ ಘೋಷಿಸಬೇಕಾದದ್ದು ನ್ಯಾಯಾಲಯ ಎನ್ನುತ್ತದೆ 2017ರ ಕಾಯ್ದೆಯ 3ನೇ ಸೆಕ್ಷನ್. ಕರಾರು ಕಾಯ್ದೆಯ 12ನೇ ಸೆಕ್ಷನ್ ಕೇಳುವುದು ಒಂದೇ ಪ್ರಶ್ನೆ. ಸಹಿ ಹಾಕುವ ಆ ಹೊತ್ತಿನಲ್ಲಿ, ತಾನೇನು ಮಾಡುತ್ತಿದ್ದೇನೆ, ಅದರಿಂದ ತನಗೇನಾಗುತ್ತದೆ ಎಂದು ಅವರಿಗೆ ತಿಳಿಯುತ್ತಿತ್ತೇ? ನಿನ್ನೆ ಊಟ ಏನು ಎಂಬುದು ಮರೆತವರಿಗೂ ಮನೆ ಯಾರಿಗೆ ಹೋಗಬೇಕು ಎಂಬುದು ಸ್ಪಷ್ಟವಾಗಿ ಗೊತ್ತಿರಬಹುದು.

ಹಾಗಾಗಿ ಕಾಯಿಲೆ ಬೇಗ ಪತ್ತೆಯಾದಷ್ಟೂ ಆ ವ್ಯಕ್ತಿಗೆ ತನ್ನ ಮಾತು ತಾನೇ ಹೇಳುವ ಸಮಯ ಹೆಚ್ಚು ಸಿಗುತ್ತದೆ. ತಡ ಮಾಡಿದರೆ ಆಗುವುದು ಇಷ್ಟೇ: ಸಬ್ ರಿಜಿಸ್ಟ್ರಾರ್ ಮುಂದೆ ಕೂರಿಸಿದಾಗ 'ಇದು ಏನು ಪತ್ರ ಗೊತ್ತಾ ಯಜಮಾನ್ರೇ?' ಎಂಬ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಬರೆದುಕೊಟ್ಟವರ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ಕಂಡರೆ ಅವರು ನೋಂದಣಿ ನಿರಾಕರಿಸಲೇಬೇಕು. 1908ರ ನೋಂದಣಿ ಕಾಯ್ದೆಯ 35ನೇ ಸೆಕ್ಷನ್ ಹಾಗೇ ಹೇಳುತ್ತದೆ.

ಸಮಯ ಇರುವಾಗ ಏನು ಮಾಡಬಹುದು

ಮೊದಲು ಖಾತೆಗಳು. ಪಿಂಚಣಿ ಖಾತೆಯನ್ನು ಗಂಡ ಹೆಂಡತಿ ಜಂಟಿಯಾಗಿ 'ಈದರ್ ಆರ್ ಸರ್ವೈವರ್' ಮಾಡಿಸಿದರೆ ಅರ್ಧ ಕಷ್ಟ ತಪ್ಪುತ್ತದೆ. ಎಫ್‌ಡಿಗಳಲ್ಲಿ 'ಫಾರ್ಮರ್' ಇದ್ದರೆ 'ಈದರ್' ಎಂದು ಬದಲಿಸಿ. ದೊಡ್ಡ ಒಂದು ಎಫ್‌ಡಿಯನ್ನು ಚಿಕ್ಕ ಚಿಕ್ಕದಾಗಿ ಒಡೆದು, ಮೂರು ನಾಲ್ಕು ತಿಂಗಳಿಗೊಂದು ಅವಧಿ ಮುಗಿಯುವ ಹಾಗೆ ಹಾಕಿ. ತಾನಾಗಿ ನವೀಕರಣ ಆಗುವ ಸೂಚನೆ ತೆಗೆಸಿ. ಅವಧಿ ಮುಗಿದಾಗ ಒಬ್ಬರ ಸಹಿ ಸಾಕು ಎಂಬ ನಿಯಮ ಆಗ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಒಂದು ಎಚ್ಚರಿಕೆ ಮಾತ್ರ. ಜಂಟಿ ಖಾತೆಯ ಒಬ್ಬರಿಗೆ ತಿಳಿವಳಿಕೆ ಇಲ್ಲ ಎಂದು ಲಿಖಿತವಾಗಿ ಗೊತ್ತಾದರೆ ಬ್ಯಾಂಕ್ ವ್ಯವಹಾರ ತಡೆಯಬಹುದು. ಜಂಟಿ ಖಾತೆ ದೊಡ್ಡ ಆಸರೆಯೇ, ಪೂರ್ತಿ ಪರಿಹಾರ ಅಲ್ಲ. ಮಗನ ಹೆಸರು ಸೇರಿಸುವುದಾದರೆ ಮಗಳಿಗೂ ವಿಷಯ ತಿಳಿಸಿ. ಮುಚ್ಚಿಟ್ಟದ್ದೇ ಮುಂದೆ ಜಗಳಕ್ಕೆ ಬೀಜ.

ಆಮೇಲೆ ವಿಲ್. ಅದು ಬದುಕಿರುವಾಗ ಉಪಯೋಗಕ್ಕೆ ಬರುವುದಿಲ್ಲ, ನಿಜ. ಆದರೆ ಡಿಮೆನ್ಷಿಯಾ ಇದ್ದವರ ವಿಲ್‌ಗೆ ತಕರಾರು ಬೇಗ ಬರುವುದರಿಂದ ಅದನ್ನು ಮಾಡುವ ರೀತಿ ಮುಖ್ಯ. ಇಬ್ಬರು ಸಾಕ್ಷಿ ಬೇಕು. ಸ್ಟಾಂಪ್ ಪೇಪರ್ ಬೇಡ, ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ಈ ವಿಷಯದಲ್ಲಿ ದೇಶದ ಕೋರ್ಟುಗಳು ಇಂದಿಗೂ ಆಧಾರವಾಗಿ ಹಿಡಿಯುವ ತೀರ್ಪು ಬಂದದ್ದು ನಮ್ಮ ಮೈಸೂರಿನ ಒಂದು ಮೊಕದ್ದಮೆಯಲ್ಲಿ. ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1958ರ ನವೆಂಬರ್‌ನಲ್ಲಿ ಹೇಳಿದ್ದು ಇದು: ಅನುಮಾನಕ್ಕೆ ಕಾರಣಗಳಿದ್ದರೆ ಅವನ್ನು ಪರಿಹರಿಸುವ ಹೊಣೆ ವಿಲ್ ತಂದವರದ್ದೇ. ಬರೆದವರ ಮನಸ್ಸು ಕುಗ್ಗಿತ್ತೇ, ಲಾಭ ಪಡೆಯುವವರೇ ಮುಂದೆ ನಿಂತು ವಿಲ್ ಮಾಡಿಸಿದರೇ ಎಂಬುದನ್ನೆಲ್ಲ ಕೋರ್ಟು ನೋಡುತ್ತದೆ. ಹಾಗಾಗಿ ಅದೇ ದಿನ ನರರೋಗ ಅಥವಾ ಮನೋರೋಗ ತಜ್ಞರಿಂದ 'ಇವರಿಗೆ ವಿಷಯ ತಿಳಿಯುತ್ತಿದೆ' ಎಂಬ ಪ್ರಮಾಣಪತ್ರ ಪಡೆಯಿರಿ. ಸಾಧ್ಯವಾದರೆ ಡಾಕ್ಟರೇ ಒಬ್ಬ ಸಾಕ್ಷಿಯಾಗಲಿ. ಪಾಲು ಪಡೆಯುವವರು ಆ ಕೋಣೆಯಲ್ಲೇ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ದಾನಪತ್ರದ ಬಗ್ಗೆ ತುಂಬಾ ಹುಷಾರಾಗಿರಬೇಕು. 'ಹೇಗೂ ನಮಗೇ ಅಲ್ವಾ, ಈಗಲೇ ಬರೆದುಬಿಡಿ' ಎಂಬ ಒತ್ತಾಯಕ್ಕೆ ಬರೆದುಕೊಟ್ಟ ಮೇಲೆ ಮನೆ ಅವರದಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಆಸ್ತಿ ಪಡೆದು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿ ಮುಖ್ಯಸ್ಥರಾಗಿರುವ ನ್ಯಾಯಮಂಡಳಿ ಅದನ್ನು ರದ್ದು ಮಾಡಬಹುದು. ಷರತ್ತು ಇದ್ದದ್ದು ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದಿತು. ಈ ಎರಡರ ನಡುವೆ ಸಿಕ್ಕಿಕೊಳ್ಳದಿರಲು ಸುಲಭದ ಉಪಾಯ ಇದೆ. ಷರತ್ತನ್ನು ಪತ್ರದಲ್ಲೇ ಬರೆ‌ಸಿ. ಅಪ್ಪ ಅಮ್ಮ ಬದುಕಿರುವ ತನಕ ಇಬ್ಬರಿಗೂ ಅದೇ ಮನೆಯಲ್ಲಿ ವಾಸದ ಹಕ್ಕು ಇದೆ ಎಂದೂ ಸೇರಿಸಿ.

ಆಸ್ತಿ ಜಾಸ್ತಿ ಇದ್ದು, ಮಕ್ಕಳು ದೂರ ಇದ್ದರೆ ಖಾಸಗಿ ಟ್ರಸ್ಟ್ ಯೋಚಿಸಬಹುದು. ಜಿಪಿಎ ಹಾಗೆ ಇದು ತಿಳಿವಳಿಕೆ ಹೋದಾಗ ನಿಲ್ಲುವುದಿಲ್ಲ, ಯಾಕೆಂದರೆ ಆಸ್ತಿ ಆಗಲೇ ಟ್ರಸ್ಟಿಗಳ ಕೈಗೆ ಬಂದಿರುತ್ತದೆ. ಮನೆ ಜಮೀನು ಸೇರಿಸಿದರೆ ಸ್ಟಾಂಪ್ ಶುಲ್ಕ ಬರುತ್ತದೆ. ವಕೀಲರ ಜೊತೆ ಕೂತು ಲೆಕ್ಕ ಹಾಕಿ.

ಚಿಕಿತ್ಸೆಯ ಮಾತನ್ನೂ ಆಗಲೇ ಬರೆದಿಡಬೇಕು. ಗುಣವಾಗುವ ಆಸೆಯೇ ಇಲ್ಲದ ಹಂತದಲ್ಲಿ ವೆಂಟಿಲೇಟರ್ ಬೇಕೋ ಬೇಡವೋ ಎಂಬ ಮುಂಗಡ ನಿರ್ದೇಶನವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, 2023ರಲ್ಲಿ ಸರಳ ಮಾಡಿತು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದನ್ನು ಜಾರಿ ಮಾಡುವ ಆದೇಶ ಹೊರಡಿಸಿದೆ.

ಖರ್ಚಿನ ಬಗ್ಗೆ ಎರಡು ಮಾತು

70 ದಾಟಿದವರಿಗೆ ಆಯುಷ್ಮಾನ್ ಭಾರತ್ ಅಡಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ಅವಕಾಶ ಇದೆ. ಆದರೆ ಅದು ಆಸ್ಪತ್ರೆಗೆ ಸೇರಿದಾಗ. ಡಿಮೆನ್ಷಿಯಾದಲ್ಲಿ ದುಡ್ಡು ಹೋಗುವುದು ಮನೆಯಲ್ಲಿ. ಹಗಲು ರಾತ್ರಿಯ ದಾದಿ, ಡಯಾಪರ್, ಕೆಲಸ ಬಿಟ್ಟ ಸೊಸೆ ಅಥವಾ ಮಗಳ ಸಂಬಳ. ಇದಕ್ಕೆ ಯಾವ ವಿಮೆಯೂ ಸರಿಯಾಗಿ ಒದಗುವುದಿಲ್ಲ. ಹಳೆ ತೆರಿಗೆ ಪದ್ಧತಿ ಆರಿಸಿಕೊಂಡವರು ಒಂದನ್ನು ಬಿಡಬಾರದು. ನಿರ್ದಿಷ್ಟ ಕಾಯಿಲೆಗಳ ಚಿಕಿತ್ಸೆಗೆ ಸಿಗುವ ವಿನಾಯಿತಿಯ ಪಟ್ಟಿಯಲ್ಲಿ ಡಿಮೆನ್ಷಿಯಾ ಹೆಸರು ಇದೆ. ಶೇ 40 ಅಥವಾ ಹೆಚ್ಚು ನ್ಯೂನತೆ ಇದೆ ಎಂಬ ದೃಢೀಕರಣ ಮತ್ತು ತಜ್ಞರ ಚೀಟಿ ಇದ್ದರೆ ಹಿರಿಯ ನಾಗರಿಕರ ಚಿಕಿತ್ಸೆಗೆ 1 ಲಕ್ಷ ರೂಪಾಯಿ ತನಕ ಕಳೆಯಬಹುದು.

ಸಮಯ ಮೀರಿಹೋಗಿದ್ದರೆ

ಇದನ್ನು ಓದುವ ಹೊತ್ತಿಗೆ ಕೆಲವು ಮನೆಗಳಲ್ಲಿ ಆ ಸಮಯ ದಾಟಿರುತ್ತದೆ. ಅಂಥವರು ಹಿಂದಿನ ತಾರೀಖು ಹಾಕಿ ಸಹಿ ಮಾಡಿಸುವ, ಕೈ ಹಿಡಿದು ಹೆಬ್ಬೆಟ್ಟು ಒತ್ತಿಸುವ ದಾರಿಗೆ ಹೋಗಲೇಬಾರದು. ಮುಂದೆ ಆ ಒಂದು ಕಾಗದವೇ ಉಳಿದೆಲ್ಲ ಸಾಚಾ ಕಾಗದಗಳ ಮೇಲೂ ಅನುಮಾನ ತರುತ್ತದೆ.

ಮಕ್ಕಳೆಲ್ಲ ಒಟ್ಟಿಗೆ ಕೂತು, ಅಪ್ಪನ ಆಸ್ತಿ, ಖಾತೆ, ಸಾಲ ಎಲ್ಲದರ ಪಟ್ಟಿ ಮಾಡಿ, ಯಾರು ಪಾಲಕರಾಗಬೇಕು ಎಂಬುದಕ್ಕೆ ಲಿಖಿತ ಒಪ್ಪಿಗೆ ಮಾಡಿಕೊಳ್ಳಿ. ಆಸ್ಪತ್ರೆಯ ದಾಖಲೆಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ಖರ್ಚು ಮಾಡಿದ ಪ್ರತಿ ರೂಪಾಯಿಗೆ ಒಂದು ನೋಟ್‌ಬುಕ್ ಇಡಿ. ಹೈಕೋರ್ಟಿಗೆ ಹೋಗಲೇಬೇಕಾದರೆ ಅಲ್ಲಿ ಮೊದಲು ಕೇಳುವುದು ಇವನ್ನೇ. ವಾರಸುದಾರರಲ್ಲಿ ಜಗಳ ಇಲ್ಲದಿದ್ದರೆ ಹಾದಿ ಅಷ್ಟು ಹಗುರ. ಪಿಂಚಣಿದಾರರು ಬದುಕಿದ್ದಾರೆ ಎಂದು ತಿಳಿಸುವ ಜೀವನ್ ಪ್ರಮಾಣಪತ್ರವನ್ನು ಮುಖ ತೋರಿಸಿ ಮೊಬೈಲಿನಲ್ಲೇ ಕೊಡಬಹುದಾದ್ದರಿಂದ ಪ್ರತಿ ನವೆಂಬರ್‌ನಲ್ಲಿ ಪಿಂಚಣಿ ನಿಲ್ಲದ ಹಾಗೆ ನೋಡಿಕೊಳ್ಳಿ. ವಕೀಲರಿಗೆ ಕೊಡಲು ದುಡ್ಡಿಲ್ಲದವರು ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಗೆ ಫೋನ್ ಮಾಡಬಹುದು. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಹಾಗಾಗಿ ಅರ್ಜಿ ಅಮ್ಮನ ಹೆಸರಿನಲ್ಲೇ ಹೋಗಲಿ.